ಕೋಳಿ ರೋಸ್ಟ್ ಯಾರಿಗೆ

ಪ್ರೀತಿಯ ಅಕ್ಕನಿಗೆ, ಕತಾರಿನ ರಾಸ್ ಲಫಾನಿನಿಂದ ತನಿಯನ ನಮಸ್ಕಾರ.

ನಾನು ಬಡಿಸುವ ಮೆಸ್ಸಿನಲ್ಲಿ ಒಂದೊಂದು ದೇಶದವರಿಗೆ ಒಂದೊಂದು ಸಾಲು. ನಿನ್ನೆ ಇಬ್ಬರು ಅಮೆರಿಕದ ಇಂಜಿನಿಯರುಗಳು ಬರುತ್ತಾರೆಂದು ಮ್ಯಾನೇಜರ್ ಕೋಳಿ ರೋಸ್ಟ್ ಮಾಡಿಸಿದ್ದರು. ಬಾಗಿಲಲ್ಲಿ ಮೂವರು ಕಂಡರು. ಕಪ್ಪು ಮನುಷ್ಯನನ್ನು ಸುಡಾನಿನವರ ಸಾಲಿಗೆ, ಚಿಕ್ಕ ಕಣ್ಣಿನವನನ್ನು ಫಿಲಿಪೀನ್ಸಿನವರ ಸಾಲಿಗೆ ಕಳಿಸಿ, ಬಿಳಿಯನಿಗೆ ಕುರ್ಚಿ ಎಳೆದು ಕೊಟ್ಟೆ.

ಅವರನ್ನು ಮೊದಲೇ ಕಂಡಿದ್ದ ಅಡುಗೆಯ ತಾಹಿರ್ ಓಡಿ ಬಂದು, "ಎಂಥ ಮಾಡಿದ್ದು ಮಾರಾಯ? ಅಮೆರಿಕದವರು ಅವರಿಬ್ಬರಲ್ವಾ!" ಎಂದ. ನಾನು ಕ್ಷಮೆ ಕೇಳಲು ಹೋದರೆ, ಕಪ್ಪಗಿದ್ದವನು ಗೆಳೆಯನ ಭುಜ ತಟ್ಟಿ, "ಇಲ್ಲಿಯೂ ನಮ್ಮೂರಿನ ಹಾಗೇ" ಎಂದು ನಕ್ಕ.

ಬೆರಳಿನ ಸುಟ್ಟ ಗಾಯ ವಾಸಿಯಾಗಿದೆ, ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಆ ಬಿಳಿಯವನು ರೊಮೇನಿಯಾದ ವೆಲ್ಡರ್ ಅಂತೆ. ರೋಸ್ಟ್ ಎರಡು ಸಲ ಹಾಕಿಸಿಕೊಂಡ.

ನಿನ್ನ ತಮ್ಮ