ಬೂಟು ಅದ್ದಿ ಬನ್ನಿ

ಅಳಿಯಂದಿರಿಗೆ,

ಕಾಲುಬಾಯಿ ರೋಗ ಹರಡಬಾರದೆಂದು ನಮ್ಮ ಬೀದಿಯ ದನಗಳನ್ನೆಲ್ಲ ಗುಂಡಿಟ್ಟು ಕೊಲ್ಲಲು ಪಶು ಇಲಾಖೆ ಹೊರಡಿಸಿದ ಆದೇಶದಲ್ಲಿ ನಿಮ್ಮ ಸಹಿ ಇದೆ. ನನ್ನ ಹಸುಗಳಿಗೆ ಏನೂ ಆಗಿಲ್ಲ.

ರೋಗದ ಕೊಟ್ಟಿಗೆಯಿಂದ ಪಕ್ಕದ ಮನೆಯ ಕೊಟ್ಟಿಗೆಗೆ ಅದೇ ಬೂಟಿನಲ್ಲಿ ನಡೆದವರು ನಿಮ್ಮ ಸಿಬ್ಬಂದಿ. ತೊಳೆದುಕೊಳ್ಳಿ ಎಂದರೆ, “ನಮಗೇನು ರೋಗ ಬರುತ್ತಾ ಅಜ್ಜಿ?” ಎಂದು ನಕ್ಕರು. ವಾರದೊಳಗೆ ಆ ಮನೆಯ ದನಗಳ ಬಾಯೆಲ್ಲ ಹುಣ್ಣು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ; ನೀವು ಬರೆಯ ಬದಲು ಬಂದೂಕು ತರುತ್ತಿದ್ದೀರಿ.

ಗೇಟಿನ ಬಳಿ ಬಟ್ಟೆ ಒಗೆಯುವ ಸೋಡಾ ಕದಡಿದ ನೀರಿನ ಟಬ್ಬು ಇಟ್ಟಿದ್ದೇನೆ. ಬೂಟು ಅದ್ದಿ, ಲಸಿಕೆ ತಂದರೆ ಹಸುಗಳನ್ನು ನಾನೇ ಹಿಡಿದುಕೊಳ್ಳುತ್ತೇನೆ. ಬಂದೂಕು ತಂದರೆ ಗೇಟು ತೆಗೆಯುವುದಿಲ್ಲ.

ನನ್ನ ಮಗಳಿಗೆ ಹೇಳಿ ತೆಗೆಸಬಹುದು ಎಂದುಕೊಳ್ಳಬೇಡಿ. ಬಟ್ಟೆಬರೆ ಸಮೇತ ನಿನ್ನೆಯೇ ಬಂದಿದ್ದಾಳೆ. ಬೀಗ ಹಾಕಿದವಳೇ ನಿಮ್ಮ ಹೆಂಡತಿ.

ಟಬ್ಬಿನ ಪಕ್ಕದಲ್ಲೇ ಕೂತಿರುವ
ನಿಮ್ಮ ಅತ್ತೆ