ಅವ್ವ ತೊಳೆದ ಇಟ್ಟಿಗೆ ಗೋಡೆ

ಅಪ್ಪಾ,

ನೀನು ಅರ್ಧಕ್ಕೇ ಬಿಟ್ಟುಹೋದ ಆ ಮರದ ಮನೆಗೆ ನಾನು ಬಣ್ಣ ಹಚ್ಚಿದೆ. ಆಮೇಲೆ ಏನಾಯಿತು ಅನ್ನುವುದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಅವ್ವನಿಗೆ ಹೇಳಿದರೆ ಅವಳಿಗೆ ನೆನಪಿರುವುದಿಲ್ಲ. ತನ್ವಿಗೆ ಎಲ್ಲವೂ ಗೊತ್ತು, ಆದರೆ ಕಾಲೇಜಿಗೆ ಹೋಗುವ ಹುಡುಗಿ ಎಷ್ಟು ದಿನ ಅಂತ ತಾಯಿಯ ಗೋಳು ಕೇಳುತ್ತಾಳೆ? ಹಾಗಾಗಿ ನಿನಗೇ ಬರೆಯುತ್ತಿದ್ದೇನೆ.

ಸಂಜೆಯಾದರೆ ಅವ್ವ ಒಂದು ಸೀರೆ, ಒಂದು ಬಾಚಣಿಗೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳಲ್ಲ? "ನಡೀರಿ, ಮನಿಗೆ ಹೋಗೂಣು. ಮಂದಿ ಮನ್ಯಾಗ ಎಷ್ಟಂತ ಇರೂದು?" ಚೆಂಬೂರಿನ ಈ ಫ್ಲ್ಯಾಟಿಗೆ ನಾವು ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಈಗ ನನ್ನ ತಲೆಯೂ ನೆರೆತಿದೆ. ಆದರೆ ಅವಳ ತಲೆಯಲ್ಲಿ ಉಳಿದದ್ದು ಪರೇಲಿನ ಚಾಳು ಮಾತ್ರ, ನೀನು ಧಾರವಾಡದಿಂದ ಅವಳನ್ನು ಮದುವೆಯಾಗಿ ಕರೆತಂದು ಇಳಿಸಿದ ಆ ಒಂದೇ ಕೋಣೆಯ ಖೋಲಿ. ಅದನ್ನು ಕೆಡವಿ, ಆ ಜಾಗದಲ್ಲಿ ಕತ್ತೆತ್ತಿ ನೋಡಬೇಕಾದಂಥ ಟವರ್ ಎದ್ದಿದೆ ಎಂದು ಯಾರು ಹೇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನೀನು ಜಗಳವಾಡದೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅವಳ ಕೈ ಹಿಡಿದು ಕೆಳಗಿಳಿದು, ಬಿಲ್ಡಿಂಗ್ ಸುತ್ತ ಒಂದು ಸುತ್ತು ಹಾಕಿಸಿ, "ಬಂತ ನೋಡ ಮನಿ" ಎಂದು ಅದೇ ಬಾಗಿಲೊಳಗೆ ಕರೆತರುತ್ತಿದ್ದೆ. ಬಹಳ ದಿನ ಆ ಉಪಾಯ ನಡೆಯಿತು.

ಒಂದು ಸಂಜೆ ಮಾತ್ರ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಇದಲ್ಲ. ನಮ್ಮ ಮನಿಗೆ ಗ್ಯಾಲರಿ ಐತಿ. ಇಟ್ಟಂಗಿ ಗ್ವಾಡಿ ಐತಿ" ಎಂದಳು. ಊಟಕ್ಕೆ ಕೂತಾಗ ನೀನು ತನ್ವಿಯನ್ನು ಕೇಳಿದೆ: "ಯವ್ವಾ, ಕಟ್ಟಿಗಿದು ಸಣ್ಣ ಮನಿ ಮಾಡೂ ಸಾಮಾನ ಸಿಗ್ತಾವಂತಲ್ಲ, ನಿನ್ನ ಮೊಬೈಲಿನ್ಯಾಗ ನೋಡ." ಮಿಲ್ಲಿನ ಬಡಗಿ ಖಾತೆಯಲ್ಲಿ ಕೈ ಪಳಗಿಸಿಕೊಂಡವನು ನೀನು. ನಿನ್ನ ಕಣ್ಣಿನಲ್ಲಿ ಅಷ್ಟು ಹುರುಪು ನೋಡಿ ಎಷ್ಟು ಕಾಲವಾಗಿತ್ತೋ.

ಕಿಟ್ ಬಂದ ದಿನ ನೀನು ಮಕ್ಕಳ ಹಾಗೆ ಡಬ್ಬಿ ಬಿಚ್ಚಿದ್ದೆ. ಯಾವುದೋ ದೇಶದ ಅಂಗಡಿ ಮನೆ. ತೆಳ್ಳನೆಯ ಪ್ಲೈವುಡ್ ಹಲಗೆಗಳ ಮೇಲೆ ಇಟ್ಟಿಗೆಯ ಗೆರೆಗಳನ್ನು ಸಣ್ಣಗೆ ಕೊರೆದಿದ್ದರು. ಅದರ ಇಳಿಜಾರು ಮಾಡನ್ನು ನೀನು ಪಕ್ಕಕ್ಕೆಸೆದೆ. ಐಸ್‌ಕ್ರೀಮ್ ಕಡ್ಡಿ ಸೀಳಿ ಉದ್ದನೆಯ ಗ್ಯಾಲರಿ ಕೂಡಿಸಿದೆ, ಅದರ ಅಂಚಿಗೆ ಕಟಕಟೆ ಕೂಡಿಸಿದೆ, ನಮ್ಮ ಖೋಲಿಯ ಬಾಗಿಲನ್ನು ಮಾತ್ರ ಅರ್ಧ ತೆರೆದಿಟ್ಟೆ. ಮರ ನೀರು ಕುಡಿಯಬಾರದೆಂದು ಒಳಗೂ ಹೊರಗೂ ಸೀಲರ್ ಹಚ್ಚಿದೆ. ಅದರ ಮೇಲೆ ಮಾಸಿದ ಬೂದಿಬಣ್ಣ ಬಳಿದಾಗ ನಾನು ಕೇಳಿದ್ದೆ, "ಇಟ್ಟಂಗಿ ಕೆಂಪಲ್ಲೇನಪಾ?" "ಇದು ಸಂದಿನ ಬಣ್ಣ. ಮೊದಲ ಗಚ್ಚು, ಆಮ್ಯಾಲ ಇಟ್ಟಂಗಿ. ಖರೇ ಮನಿ ಕಟ್ಟಿಧಂಗ ಅಲ್ಲ ಇದು, ಉಲ್ಟಾ" ಎಂದು ನೀನು ನಕ್ಕೆ. ಆ ಬೂದಿಬಣ್ಣ ಒಣಗುವ ಮೊದಲೇ ನೀನು... ಬೆಳಗಿನ ಚಹಾದ ಕಪ್ಪು ಕೈಯಲ್ಲಿತ್ತು. ಒಂದು ಮಾತನ್ನಾದರೂ ಆಡಬಾರದಿತ್ತೆ?

ನಿನ್ನನ್ನು ಕಳಿಸಿಬಂದ ದಿನ ಅವ್ವ ಎಲ್ಲರಿಗಿಂತ ಜೋರಾಗಿ ಅತ್ತಳು. ಮರುದಿನ ಕೇಳಿದಳು, "ಅವರು ಎಲ್ಲಿ ಹೋದ್ರು?" ನಾನು ಹೇಳಿದೆ. ಮತ್ತೆ ಅತ್ತಳು, ಅಂದೇ ಮೊದಲು ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅತ್ತಳು. ಅದರ ಮರುದಿನವೂ ಹಾಗೆಯೇ. ಅವಳ ಪಾಲಿಗೆ ನೀನು ಎಷ್ಟು ಸಲ ಸಾಯಬೇಕು ಅಪ್ಪಾ? ನನಗೆ ತಡೆಯಲಾಗಲಿಲ್ಲ. "ಸೆಕೆಂಡ್ ಶಿಫ್ಟ್ ಐತವ್ವಾ, ತಡಾ ಆಗ್ತೈತಿ" ಎಂದುಬಿಟ್ಟೆ. ಅವಳ ಮುಖ ತಿಳಿಯಾಯಿತು. ಅಂದಿನಿಂದ ಅದೇ ಸುಳ್ಳು. ಆದರೆ ಗಂಟು ಕಟ್ಟುವುದು ನಿಲ್ಲಲಿಲ್ಲ. ಬಿಲ್ಡಿಂಗ್ ಸುತ್ತು ಹಾಕಿಸಿ ತಂದರೆ ನನ್ನ ಕೈ ಕೊಡವುತ್ತಿದ್ದಳು. ನಿನ್ನ ಮಾತಿನಲ್ಲಿದ್ದ ನಂಬಿಕೆ ನನ್ನ ಮಾತಿನಲ್ಲಿ ಇರಲಿಲ್ಲವೇನೋ.

ಒಂದು ರವಿವಾರ ಕಪಾಟಿನ ಮೇಲಿಂದ ಆ ಮನೆಯನ್ನು ಇಳಿಸಿದೆ. ಕೆಂಪು ಬಣ್ಣ ತಂದು, ಕುಂಚ ತುಂಬ ಅದ್ದಿ, ಗೋಡೆ ತುಂಬ ಬಳಿದೆ. ನೀನು ಅಷ್ಟು ಜೋಪಾನವಾಗಿ ಹಚ್ಚಿದ ಗಚ್ಚಿನ ಗೆರೆಗಳೆಲ್ಲ ಮುಚ್ಚಿಹೋದವು. ಪ್ಲಾಸ್ಟಿಕ್ ಆಟಿಕೆಯ ಹಾಗೆ ಹೊಳೆಯುವ ಕೆಂಪು ಡಬ್ಬಿಯನ್ನು ಅವ್ವನ ಮುಂದಿಟ್ಟೆ. ಅವಳು ಬಹಳ ಮರ್ಯಾದೆಯಿಂದ, ಗೊತ್ತಿಲ್ಲದವರ ಮನೆಗೆ ಬಂದವಳ ಹಾಗೆ ಕೇಳಿದಳು: "ಚೆಂದ ಐತಿ. ಯಾರ ಮನಿ ಇದು?" ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಕೂತು ಪಾಲಿಶ್ ಪೇಪರಿನಿಂದ ಆ ಕೆಂಪನ್ನೆಲ್ಲ ಉಜ್ಜಿ ತೆಗೆದೆ.

ಪರೇಲಿನಲ್ಲೇ ನನ್ನ ಆಫೀಸು ಇದ್ದರೂ ನಾನು ಎಂದೂ ಚಾಳಿದ್ದ ಕಡೆ ತಿರುಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಟವರಿನ ಹಿಂದೆ ಹಳೇ ಮಿಲ್ಲಿನ ಕಂಪೌಂಡ್ ಗೋಡೆಯ ಒಂದು ತುಂಡು ಇನ್ನೂ ನಿಂತಿದೆ. ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಇಟ್ಟಿಗೆ ಕೆಂಪೇ ಅಲ್ಲ ಅಪ್ಪಾ! ಒಂದು ಹುರಿದ ಕಾಫಿಯ ಬಣ್ಣ, ಒಂದು ನೇರಳೆಗೆ ತಿರುಗಿದ್ದು, ಸಿಪ್ಪೆ ಎದ್ದು ಹೋದದ್ದು ಹಸಿ ಕಿತ್ತಳೆ. ಮೇಲಿನ ಸಾಲೆಲ್ಲ ಹೊಗೆ ಕುಡಿದು ಕಪ್ಪು. ಪೈಪು ಸೋರಿದಲ್ಲಿ ಹಸಿರು ಪಾಚಿಯ ಪಟ್ಟಿ, ಕೆಳಗೆ ಉಪ್ಪೊಡೆದ ಬಿಳಿ. ಕೈಯಿಂದ ಸವರುತ್ತಿದ್ದೆ. ಏನೋ ಬಿದ್ದುಹೋಯಿತೇನೋ ಎಂದು ಸೆಕ್ಯುರಿಟಿಯವನು ಓಡಿ ಬಂದ. "ಕ್ಯಾ ಹುವಾ ಮ್ಯಾಡಮ್, ಕುಛ್ ಗಿರ್ ಗಯಾ?" "ನಹೀ ಭೈಯ್ಯಾ, ದೀವಾರ್ ದೇಖ್ ರಹೀ ಹೂಂ" ಎಂದೆ. ಅವನು ಗೋಡೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಗೇಟಿಗೆ ಹಿಂತಿರುಗಿದ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಸಂಜೆ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸುವಾಗಲೂ ಅದನ್ನೇ ನೋಡುತ್ತ ಮನೆಗೆ ಬಂದೆ.

ಮತ್ತೆ ಬೂದಿಬಣ್ಣದಿಂದ ಶುರು ಮಾಡಿದೆ, ನೀನು ಹೇಳಿದ ಹಾಗೆ. ಈ ಸಲ ಕುಂಚದ ಬಣ್ಣವನ್ನೆಲ್ಲ ಹಳೇ ಬನಿಯನ್ನಿಗೆ ಒರೆಸಿ, ಒಣಗಿದಂತಿರುವ ತುದಿಯಿಂದ ಗೋಡೆಯನ್ನು ಸವರಿದರೆ ಸಾಕಾಯಿತು. ಉಬ್ಬಿದ ಇಟ್ಟಿಗೆಯಷ್ಟೇ ಬಣ್ಣ ಹಿಡಿಯಿತು, ಗಚ್ಚಿನ ಗೆರೆ ಹಾಗೇ ಉಳಿಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ಸಣ್ಣ ಕುಂಚದಿಂದ ಕಂದು, ನೇರಳೆ, ಕಿತ್ತಳೆ. ನೀರಾಗಿಸಿದ ಕಪ್ಪು ಬಣ್ಣ ಹರಿಯಬಿಟ್ಟಾಗ ಸಂದುಗಳಲ್ಲಿ ವರ್ಷಗಳ ಕೊಳೆ ಕೂತ ಹಾಗೆ ಕಂಡಿತು. ಬಣ್ಣದ ಸೀಮೆಸುಣ್ಣವನ್ನು ಪುಡಿ ಮಾಡಿ, ಅದಕ್ಕಿಷ್ಟು ದೀಪದ ಮಸಿ ಬೆರೆಸಿ, ಮೇಲಿನ ಸಾಲಿಗೆ ಹೊಗೆಯ ಕಪ್ಪನ್ನು ಬೆರಳಿನಿಂದ ಉಜ್ಜಿದೆ. ಪೈಪು ಸೋರುತ್ತಿದ್ದ ಮೂಲೆಗೆ ಪಾಚಿ. ನಮ್ಮ ಖೋಲಿಯ ಬಾಗಿಲ ಪಕ್ಕ ಅವ್ವನ ಸ್ಟೋವಿನ ಹೊಗೆ. ಮುಗಿದ ಮೇಲೆ ಎದ್ದು ದೂರ ನಿಂತು ನೋಡಿದೆ. ಒಳಗಿನಿಂದ ಯಾರೋ ಕೆಮ್ಮಿದರೂ ಕೆಮ್ಮಬಹುದು ಅನ್ನುವಂತಿತ್ತು.

ಅವ್ವ ಅದರ ಮುಂದೆ ಬಹಳ ಹೊತ್ತು ಕೂತಳು. ಗ್ಯಾಲರಿಯ ಮೇಲೆ ಬೆರಳು ಸರಿಸುತ್ತ ಹೋಗಿ, ಅರ್ಧ ತೆರೆದ ಬಾಗಿಲಿಗೆ ಬಂದು ನಿಲ್ಲಿಸಿದಳು. "ನಮ್ಮ ಮನಿ" ಎಂದಳು. ತನ್ವಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಅಂದು ಸಂಜೆ ಅವ್ವ ಗಂಟು ಕಟ್ಟಲಿಲ್ಲ. ನೀನಿರಬೇಕಿತ್ತು ಅಪ್ಪಾ, ನಿನ್ನ ಲೆಕ್ಕಾಚಾರ ಸರಿಯಾಗಿತ್ತು.

ಮರುದಿನ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ತನ್ವಿ ಎದುರಿಗೇ ನಿಂತಿದ್ದಳು. "ಮಮ್ಮಿ, ಚಿಲ್ಲಾನಾ ಮತ್, ಚೀರಬೇಡ. ನಾನು ಬಾತ್‌ರೂಮಿಗೆ ಹೋಗಿದ್ದೆ, ಬಸ್. ಅಜ್ಜಿನೇ ಸಬ್ ಧೋ ಡಾಲಾ." ಅವ್ವ ನೆಲದ ಮೇಲೆ ಕಾಲು ಚಾಚಿ, ಮನೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಗೋಡೆ ತಿಕ್ಕುತ್ತಿದ್ದಳು. ಹೊಗೆ ಹೋಗಿತ್ತು. ಪಾಚಿ ಹೋಗಿತ್ತು. ಕಪ್ಪು ನೀರು ಅವಳ ಸೀರೆಯ ಮೇಲೆಲ್ಲ ಹರಿದಿತ್ತು. "ಏನ ಮಾಡಾಕತ್ತೀದೀ ಅವ್ವಾ!" ಎಂದು ಚೀರಿದೆ. ಅವಳು ತಲೆ ಎತ್ತಿ, ಸಹಜವಾಗಿ ಅಂದಳು, "ಎಷ್ಟ ಹೊಲಸ ಆಗಿತ್ತ ನೋಡವಾ. ಅವರು ಬರೂದ್ರಾಗ ಸ್ವಚ್ಛ ಮಾಡಬೇಕಲ್ಲ?"

ಅವಳ ಸೀರೆ ಬದಲಿಸಿ, ಮತ್ತೆ ಬಣ್ಣದ ಡಬ್ಬಿ ತೆಗೆದೆ.

ಎರಡನೆಯ ಸಲ ಎಲ್ಲ ಹಚ್ಚಿ, ಮೇಲೆ ವಾರ್ನಿಶ್ ಬಳಿದೆ. ಇನ್ನು ಏನು ಮಾಡಿದರೂ ಹೋಗದು ಎಂಬ ಧೈರ್ಯದಿಂದ ಅವಳ ಕೈಗೆ ಕೊಟ್ಟೆ. ಅವಳು ಬಟ್ಟೆಯಿಂದ ತಿಕ್ಕಿದಳು, ತೆಂಗಿನ ನಾರಿನಿಂದ ತಿಕ್ಕಿದಳು, ಉಗುರಿನಿಂದ ಕೆರೆದಳು. ಕಲೆ ಹೋಗಲಿಲ್ಲ. "ಹೋಗವಲ್ದು... ನನ್ನ ಕೈಯಾಗ ಕಸುವ ಇಲ್ಲ. ಇಂಥಾ ಮನಿಗೆ ಅವರು ಹೆಂಗ ಬರ್ತಾರ?" ಎಂದು ಅತ್ತಳು. ನೀನು ತೀರಿಕೊಂಡೆ ಎಂದು ಕೇಳಿದಾಗ ಅತ್ತ ಹಾಗೆಯೇ ಅತ್ತಳು. ಸುಳ್ಳು ಹೇಳಿ ತಪ್ಪಿಸಿದ್ದ ಅಳುವನ್ನು ನಾನೇ ವಾರ್ನಿಶ್ ಹಚ್ಚಿ ಮನೆಗೆ ತಂದಿದ್ದೆ.

ಆ ವಾರ್ನಿಶ್ ಕೆರೆದು ತೆಗೆದೆ. ಈಗ ಬರೀ ಪುಡಿಯನ್ನಷ್ಟೇ ಹಚ್ಚುತ್ತೇನೆ, ಒದ್ದೆ ಬಟ್ಟೆ ತಾಗಿದರೆ ಸಾಕು, ಹೋಗುವ ಹಾಗೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ನಾನು ಗೋಡೆಗೆ ಹೊಗೆ, ಧೂಳು, ಪಾಚಿ ಹಚ್ಚಿ ಇಡುತ್ತೇನೆ. ಸಂಜೆ ಅವ್ವ ಸೆರಗು ಸಿಕ್ಕಿಸಿಕೊಂಡು ತೊಳೆಯುತ್ತಾಳೆ. ತೊಳೆದಾದ ಮೇಲೆ ಅವಳ ಮುಖದಲ್ಲಿ ಎಂಥ ನೆಮ್ಮದಿ ಗೊತ್ತಾ? ಬಾಗಿಲ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ. ತನ್ವಿ ಮೊದಮೊದಲು "ಯೇ ಕ್ಯಾ ಪಾಗಲ್‌ಪನ್ ಹೈ ಮಮ್ಮಿ" ಎಂದು ಈ ಹುಚ್ಚಾಟಕ್ಕೆ ರೇಗುತ್ತಿದ್ದಳು. ಈಗ ನನಗೆ ತಡವಾದ ದಿನ ಅವಳೇ ಪುಡಿ ಹಚ್ಚುತ್ತಾಳೆ.

ಆದರೆ ಅಪ್ಪಾ, ಮರ ತಡೆಯುತ್ತಿಲ್ಲ. ನಿನ್ನ ಸೀಲರ್ ಸವೆದಿದೆ. ಮೂಲೆಗಳಲ್ಲಿ ನೀರಿಳಿದು ಪ್ಲೈವುಡ್ ಪದರು ಪದರಾಗಿ ಬಿಚ್ಚುತ್ತಿದೆ. ಇಟ್ಟಿಗೆಯ ಗೆರೆ ಕೆಲವು ಕಡೆ ಕಾಣುವುದೇ ಇಲ್ಲ. ಅಂಟು ಹಾಕುತ್ತೇನೆ, ಬಣ್ಣ ಹಚ್ಚುತ್ತೇನೆ, ಅವಳು ತೊಳೆಯುತ್ತಾಳೆ, ಮತ್ತೆ ಬಿಚ್ಚುತ್ತದೆ. ಹೊಸ ಕಿಟ್ ತರಿಸಿ ನಾನೇ ಒಂದು ಗ್ಯಾಲರಿ ಮಾಡಿ ನೋಡಿದೆ. ಅವ್ವ ಅದನ್ನು ಒಪ್ಪಲಿಲ್ಲ. ನೀನು ಮಾಡಿದ್ದನ್ನೇ ಎಳೆದುಕೊಂಡಳು. ಅವಳೂ ತೆಳ್ಳಗಾಗುತ್ತಿದ್ದಾಳೆ. ಊಟ ಮರೆಯುತ್ತಾಳೆ. ನನ್ನನ್ನು ಒಮ್ಮೊಮ್ಮೆ ಚಾಳಿನ ಪಕ್ಕದ ಖೋಲಿಯವಳೆಂದು ತಿಳಿದು, "ನಿಮ್ಮನಿಯವರು ಬಂದ್ರೇನ್ರಿ?" ಎಂದು ಕೇಳುತ್ತಾಳೆ. ಡಾಕ್ಟರ್ ಇನ್ನು ಹೀಗೇ ಅಂದರು. ಯಾವುದು ಮೊದಲು ಮುಗಿಯುತ್ತದೋ ಎಂದು ಯೋಚಿಸಿ, ಯೋಚಿಸಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತೇನೆ. ನೀನಿದ್ದರೆ ಏನು ಮಾಡುತ್ತಿದ್ದೆ? ನಿನಗಾದರೂ ಏನು ಮಾಡಲು ಬರುತ್ತಿತ್ತು...

ನಿನಗೆ ಹೇಳಲೇಬೇಕಾದ್ದು ಒಂದು ಉಳಿದಿದೆ. ಬದುಕಿಡೀ ಅವ್ವ ನಿನ್ನನ್ನು "ಅವರು" ಎಂದಳು, "ಕೇಳಿದ್ರೇನು" ಎಂದಳು. ರೇಶನ್ ಕಾರ್ಡಿನವರು ಗಂಡನ ಹೆಸರು ಕೇಳಿದಾಗ ನನ್ನನ್ನು ಮುಂದೆ ತಳ್ಳಿ ನನ್ನ ಬಾಯಿಂದ ಹೇಳಿಸಿದಳು. ನಿನ್ನೆ ಸಂಜೆ ತೊಳೆಯುವುದನ್ನು ಮುಗಿಸಿ, ಮನೆಯನ್ನು ಕಿಟಕಿಯ ಬಿಸಿಲಿಗೆ ಒಣಗಲಿಟ್ಟಳು. ಹೊರಗೆ ಕೆಲಸ ಮುಗಿಸಿ ಬರುವವರ ಗದ್ದಲ ಶುರುವಾಗಿತ್ತು. ಅವಳು ಕಿಟಕಿಯ ಸರಳು ಹಿಡಿದು, ಕೆಳಗೆ ಬಗ್ಗಿ, ಗೆಳತಿಯರ ನಡುವೆ ಆಡುವ ಹುಡುಗಿಯ ದನಿಯಲ್ಲಿ ಕೂಗಿದಳು: "ಗಂಗಾಧರಾ... ಏ ಗಂಗಾಧರಾ, ಮ್ಯಾಲ ಬಾ!"

ಕೆಳಗೆ ನಡೆಯುತ್ತಿದ್ದವರು ನಿಂತು ಮೇಲೆ ನೋಡಿದರು. ಅವಳು ಯಾರಿಗೂ ನಾಚಲಿಲ್ಲ. ಇನ್ನೊಮ್ಮೆ ಕೂಗಿದಳು.

ನಿನ್ನ ಮಗಳು,
ವಿದ್ಯಾ