ಹೆರುವವಳಿಗೂ ಒಂದು ಮಾತು ಹೇಳಿ

ಹೆರಿಗೆ ಆಸ್ಪತ್ರೆಯ ಅಧೀಕ್ಷಕರೇ,

ನಿಮ್ಮಲ್ಲಿ ಹೆಂಗಸರಿಗೆ ಎಲ್ಲವೂ ಸಿಗುತ್ತದೆ: ಹಾಸಿಗೆ, ಔಷಧಿ, ಚುಚ್ಚುಮದ್ದು, ಬೈಗುಳ. ಸಿಗದಿರುವುದು ತಿಳಿವಳಿಕೆಯೊಂದೇ. ಹೆರಿಗೆಯಲ್ಲಿ ತನ್ನ ಮೈಗೆ ಏನಾಗಲಿದೆ ಎಂಬುದನ್ನು ಹೆರುವವಳಿಗೇ ಹೇಳದಿರುವುದು ಯಾವ ವೈದ್ಯಶಾಸ್ತ್ರ ಸ್ವಾಮಿ?

ನಾನು ಕಾರು ಓಡಿಸಲು ಕಲಿಸುವವಳು. ಕಲಿಯಲು ಬಂದವರಿಗೆ ಕೀಲಿ ಕೊಡುವ ಮೊದಲೇ ಬ್ರೇಕು ಎಲ್ಲಿದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಹೇಳುತ್ತೇನೆ. ಚೊಚ್ಚಲ ಹೆರಿಗೆಗೆ ನಿಮ್ಮಲ್ಲಿಗೆ ಬಂದಾಗ ನನಗೆ ಗೊತ್ತಿದ್ದದ್ದು "ನೋಯುತ್ತದೆ" ಎಂಬುದಷ್ಟೇ. ನನ್ನಕ್ಕ ಎರಡು ಹೆತ್ತವಳು, ಜೊತೆಗಿದ್ದರೆ ಹೇಳುತ್ತಿದ್ದಳು. ನಿಮ್ಮ ಕಾವಲುಗಾರ ಅವಳನ್ನು ಬಾಗಿಲಲ್ಲೇ ತಡೆದ. ಒಳಗೆ ನೋವು ಬರುತ್ತಿತ್ತು, ಬಿಡುತ್ತಿತ್ತು. ಬಿಟ್ಟಾಗ ಸುಧಾರಿಸಿಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ಮುಂದಿನ ನೋವಿಗೆ ಹೆದರಿಯೇ ಆ ಬಿಡುವನ್ನೂ ಕಳೆದುಕೊಂಡೆ. ಕೊನೆಕೊನೆಗೆ ಹಲ್ಲು ಕಟಕಟ ಎನ್ನುವಂತೆ ಮೈ ನಡುಗಿತು, ವಾಂತಿಯಾಯಿತು. ಸತ್ತೇ ಹೋಗುತ್ತೇನೆಂದು ಕೂಗಿಕೊಂಡೆ. ಮಗು ಬರುವ ಹೊತ್ತಿಗೆ ಹಾಗಾಗುವುದುಂಟು ಎಂದು ಅಕ್ಕನಿಂದ ತಿಳಿದದ್ದು ಮಗಳನ್ನೆತ್ತಿಕೊಂಡು ಮನೆಗೆ ಹೋದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ನನ್ನ ಕೂಗಿಗೆ ನಿಮ್ಮ ದಾದಿ ಕೊಟ್ಟ ಉತ್ತರ: "ಏನಮ್ಮಾ, ಪ್ರಪಂಚದಲ್ಲಿ ನೀನೊಬ್ಬಳೇನಾ ಹೆರೋಳು? ಬಾಯ್ಮುಚ್ಕೊಂಡು ಮಲ್ಕೋ." ಈ ಮಾತು ಪಕ್ಕದ ಹಾಸಿಗೆಯವಳ ಕಿವಿಗೂ ಬಿತ್ತು. ಅನರ್ಥವಾದದ್ದೇ ಅಲ್ಲಿ.

ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಮಾತಿನ ಮಲ್ಲಿ. ನನಗಿಂತ ಸ್ವಲ್ಪ ಮೊದಲು ಹೆತ್ತಿದ್ದಳು. ನನ್ನ ಹೆರಿಗೆಯೂ ಆದ ಮೇಲೆ, ಮಧ್ಯಾಹ್ನ ಇದ್ದಕ್ಕಿದ್ದಂತೆ ಅವಳ ಮಾತು ನಿಂತಿತು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಹೆತ್ತ ಮೇಲೆ ರಕ್ತ ಹೋಗ್ತಾನೇ ಇರುತ್ತಾ?"

"ಹೋಗುತ್ತಂತೆ. ಯಾಕೆ, ಜಾಸ್ತಿ ಹೋಗ್ತಿದ್ಯಾ?"

"ಜಾಸ್ತಿ ಅಂದ್ರೆ ಎಷ್ಟು?"

ನನಗೂ ಗೊತ್ತಿರಲಿಲ್ಲ, ಅಧೀಕ್ಷಕರೇ. "ತಡಿ, ದಾದಿಯವರನ್ನ ಕರೀತೀನಿ," ಎಂದೆ.

"ಬೇಡ ಅಕ್ಕಾ, ಬೈತಾರೆ."

ಅವಳ ಹೊದಿಕೆ ಎತ್ತಿದೆ. ಹಾಸಿಗೆಯೆಲ್ಲ ತೊಯ್ದುಹೋಗಿತ್ತು. ಹೊಲಿಗೆ ಹಾಕಿದ ಮೈಯಲ್ಲಿ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ಗಂಟಲು ಹರಿಯುವಂತೆ ಕಿರುಚಿದೆ. ಅದೇ ದಾದಿ ಬೈಯಲೆಂದು ಬಂದರು, ನೋಡಿದರು, ಓಡಿದರು.

ಹುಡುಗಿ ಉಳಿದಳು. ನಿಮ್ಮ ವೈದ್ಯರೂ ಆ ದಾದಿಯೂ ಸೇರಿ, ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಅವಳನ್ನು ಉಳಿಸಿಕೊಂಡರು. ಅದಕ್ಕೆ ಕೈಮುಗಿಯುತ್ತೇನೆ. ಆದರೆ ಬೈಗುಳಕ್ಕೆ ಅಂಜಿ ಒಬ್ಬ ಬಾಣಂತಿ ಸದ್ದಿಲ್ಲದೆ ಸಾಯಲು ತಯಾರಾಗಿದ್ದಳಲ್ಲ, ಆ ರೋಗಕ್ಕೆ ನಿಮ್ಮ ಯಾವ ವಿಭಾಗದಲ್ಲಿ ಚಿಕಿತ್ಸೆ? ಮೊದಲೇ ಹೇಳಿದರೆ ಹೆಂಗಸರು ಹೆದರುತ್ತಾರೆ ಎನ್ನುತ್ತೀರಂತೆ. ಹೇಳದೇ ಬಿಟ್ಟಿರಲ್ಲ, ನಾವು ಧೈರ್ಯವಾಗಿದ್ದೆವೇ?

ನನಗೀಗ ಮತ್ತೆ ದಿನ ತುಂಬುತ್ತಿದೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಎನಿಸುತ್ತದೆ. ಪಾಠದ ಮಧ್ಯೆ ಹ್ಯಾಂಡ್‌ಬ್ರೇಕಿನ ಬದಲು ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಹತ್ತಿರದಲ್ಲಿ ಇರುವುದು ನಿಮ್ಮ ಆಸ್ಪತ್ರೆ ಒಂದೇ. ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ: ತಪಾಸಣೆಗೆ ಬರುವ ಪ್ರತಿ ಬಸುರಿಯನ್ನೂ ಕೂರಿಸಿಕೊಂಡು, ನೋವು ಹೇಗೆ ಏರುತ್ತದೆ, ನೀರಿನ ಚೀಲ ಒಡೆದರೆ ಏನು ಮಾಡಬೇಕು, ಎಷ್ಟು ರಕ್ತ ಹೋದರೆ ಕಿರುಚಬೇಕು ಎಂದು ಹೇಳಿ. ಹೆರುವವಳ ಪಕ್ಕದಲ್ಲಿ ಅವಳಿಗೆ ಬೇಕಾದ ಒಬ್ಬರನ್ನು ಇರಗೊಡಿ. ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ಬೇಡ. ನನ್ನ ಜೊತೆ ಅಕ್ಕನನ್ನೂ ಒಳಗೆ ಬಿಟ್ಟರೆ ಅದೇ ಉತ್ತರವೆಂದುಕೊಳ್ಳುತ್ತೇನೆ. ಬಿಡದಿದ್ದರೆ, ನಿಮ್ಮ ಹೊಸ್ತಿಲ ಮೇಲೆಯೇ ಹೆರುತ್ತೇನೆ.

ಇಂತಿ,
ಇನ್ನೇನು ಬರಲಿರುವ,
ಮೂರನೇ ಬೆಡ್ಡಿನ ಗಲಾಟೆ ಹೆಂಗಸು